ಕೊಂಡ ಹಳೆಯ ಕಾರಿನ ದೋಷಗಳನ್ನು ವಾರಂಟಿಯಲ್ಲಿ ಸರಿಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮೂರು ವಾರಗಳ ಹಿಂದೆ ಡೀಲರ್ ಒಬ್ಬರಿಂದ ಆರು ವರ್ಷ ಹಳೆಯ ಪೆಟ್ರೋಲ್ ಕಾರು ಕೊಂಡೆ. ಆರು ತಿಂಗಳ ವಾರಂಟಿ ಇದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಎಂಜಿನ್ನಿನಿಂದ ಕಟಕಟ ಸದ್ದು ಬಂದು ನಿಲ್ಲುತ್ತದೆ. ಎಂಜಿನ್ ತಣಿಸುವ ಕೂಲೆಂಟ್ ದ್ರವದ ಮಟ್ಟ ಇಳಿಯುತ್ತಿದೆ, ಈಗಾಗಲೇ ಎರಡು ಸಲ ತುಂಬಿಸಿದ್ದೇನೆ. ಚೆಕ್ ಎಂಜಿನ್ ದೀಪ ಒಮ್ಮೆ ಹತ್ತಿ, ಕೆಲವು ದಿನ ಉರಿದು, ತಾನಾಗಿ ಆರಿತು. ಬ್ರೇಕ್ ಒತ್ತಿದರೆ ಕಿರುಗುಟ್ಟುತ್ತದೆ. ಡೀಲರ್ ಹೇಳಿದ ವರ್ಕ್‌ಶಾಪ್‌ಗೆ ಒಯ್ದರೆ ‘ಹಳೆಯ ಗಾಡಿ ಅಂದಮೇಲೆ ಇದೆಲ್ಲ ಇದ್ದದ್ದೇ, ದೋಷ ಏನೂ ಕಾಣುತ್ತಿಲ್ಲ’ ಎಂದು ವಾಪಸು ಕಳಿಸಿದರು. ಪರಿಚಯದ ಮೆಕ್ಯಾನಿಕ್ ಒಬ್ಬರು ತಾವೇ ಬಿಚ್ಚಿ ನೋಡುತ್ತೇನೆ ಎನ್ನುತ್ತಿದ್ದಾರೆ. ಕೊಡಲೇ? ವಾರಂಟಿಯಲ್ಲಿ ಇದೆಲ್ಲ ಆಗುತ್ತದೆಯೇ?

ಉತ್ತರ: ಸದ್ಯಕ್ಕೆ ಬಿಚ್ಚಲು ಕೊಡಬೇಡಿ. ಅವರು ಎಷ್ಟೇ ನುರಿತವರಾಗಿರಲಿ, ವಾರಂಟಿ ಕೊಟ್ಟವರ ಒಪ್ಪಿಗೆಯಿಲ್ಲದೆ ಎಂಜಿನ್ ಬಿಚ್ಚಿದರೆ, ಮುಂದೆ ನಿಮ್ಮ ಕ್ಲೇಮ್ ತಿರಸ್ಕರಿಸಲು ಅಷ್ಟೇ ಕಾರಣ ಸಾಕಾಗುತ್ತದೆ. ಬಿಚ್ಚದೆ ನೋಡಿ, ಸದ್ದು ಕೇಳಿ, ತಮ್ಮ ಅಭಿಪ್ರಾಯವನ್ನು ತಾರೀಖು ಮತ್ತು ಓಡೊಮೀಟರ್ ಅಂಕಿಯೊಂದಿಗೆ ಬರೆದುಕೊಡುವುದಾದರೆ ಧಾರಾಳವಾಗಿ ಪಡೆಯಿರಿ, ಅದು ಮುಂದೆ ಉಪಯೋಗಕ್ಕೆ ಬರುತ್ತದೆ. ವಾರಂಟಿಯ ವ್ಯವಹಾರದಲ್ಲಿ ಕಾರಿನಲ್ಲಿ ದೋಷ ಇದ್ದರೆ ಸಾಲದು. ಯಾರೂ ಕೈ ಹಾಕುವ ಮೊದಲೇ ಅದು ಕಾಗದದ ಮೇಲೆ ಬಂದಿರಬೇಕು. ನಿಮ್ಮ ನಾಲ್ಕು ದೂರುಗಳಲ್ಲಿ ಮೂರಕ್ಕೆ ಕ್ಲೇಮ್ ಸಿಗುವ ಸಾಧ್ಯತೆ ಇದೆ ಎಂದು ನನಗನ್ನಿಸುತ್ತದೆ. ಆದರೆ ಈವರೆಗೆ ಒಂದೂ ದಾಖಲಾದಂತೆ ಕಾಣುವುದಿಲ್ಲ. ವರ್ಕ್‌ಶಾಪ್‌ನವರು ಬಾಯಿಮಾತಿನಲ್ಲಿ ‘ಏನಿಲ್ಲ’ ಎಂದು ಕಳಿಸಿದ ಆ ಭೇಟಿ, ಜಾಬ್ ಕಾರ್ಡ್ (ವರ್ಕ್‌ಶಾಪ್‌ನವರು ದೂರು ಬರೆದುಕೊಳ್ಳುವ ಕಾಗದ) ಇಲ್ಲದಿದ್ದರೆ, ನಡೆದೇ ಇಲ್ಲವೆಂದು ಲೆಕ್ಕ.

ಮೊದಲು ನಿಮ್ಮ ಕೈಯಲ್ಲಿರುವ ವಾರಂಟಿ ಯಾರದು ಎಂಬುದನ್ನು ತಿಳಿದುಕೊಳ್ಳಬೇಕು. ತಯಾರಕರ ಮೂಲ ವಾರಂಟಿಯ ಅವಧಿ ಉಳಿದಿದ್ದರೆ ಅದು ಸಾಮಾನ್ಯವಾಗಿ ಕಾರಿನ ಷಾಸಿ ಸಂಖ್ಯೆಯ ಜೊತೆಗೇ ಸಾಗಿಬರುತ್ತದೆ. ಆದರೆ ಅದರ ಲೆಕ್ಕ ಶುರುವಾಗುವುದು ಕಾರು ಮೊದಲ ಮಾಲೀಕರಿಗೆ ಮಾರಾಟವಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಆರು ವರ್ಷದ ಕಾರಿನಲ್ಲಿ ಅದು ಬಹುಶಃ ಮುಗಿದಿರುತ್ತದೆ. ಎರಡನೆಯದು ಮಾರಿದ ಡೀಲರ್ ತಾವೇ ಕೊಡುವ ವಾರಂಟಿ. ಮೂರನೆಯದು ಡೀಲರ್ ನಿಮ್ಮ ಹೆಸರಿನಲ್ಲಿ ಬೇರೊಂದು ಕಂಪನಿಯಿಂದ ಕೊಡಿಸುವ ವಾರಂಟಿ; ಹೆಸರು ವಾರಂಟಿಯಾದರೂ ನಡೆಯುವುದು ವಿಮೆಯ ರೀತಿಯಲ್ಲಿ, ಅಂದರೆ ಅದಕ್ಕೆ ಗರಿಷ್ಠ ಮಿತಿ ಇರುತ್ತದೆ, ನೀವು ಭರಿಸಬೇಕಾದ ಪಾಲು ಇರುತ್ತದೆ, ಮೊದಲ ಕೆಲವು ವಾರ ಕ್ಲೇಮ್ ಮಾಡುವಂತಿಲ್ಲ ಎಂಬ ಷರತ್ತೂ ಇರಬಹುದು. ನಿಮಗೆ ಕೊಟ್ಟ ಪತ್ರದ ಮೇಲೆ ಯಾರ ಮುದ್ರೆ ಇದೆ, ಕ್ಲೇಮ್ ಅನ್ನು ಯಾರಿಗೆ ತಿಳಿಸಬೇಕೆಂದು ಬರೆದಿದೆ ಎಂಬುದನ್ನು ಈ ಹೊತ್ತೇ ನೋಡಿ. ಷರತ್ತುಗಳ ಪೂರ್ಣ ಪ್ರತಿ ಕೊಟ್ಟಿಲ್ಲದಿದ್ದರೆ ಬರಹದಲ್ಲಿ ಕೇಳಿ ತರಿಸಿಕೊಳ್ಳಿ. ‘ಎಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಮಾತ್ರ’ ಎಂದು ಮಾರುವಾಗ ಹೇಳುವ ಮಾತಿಗೂ ಪತ್ರದಲ್ಲಿರುವ ಬಿಡಿಭಾಗಗಳ ಪಟ್ಟಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಪಟ್ಟಿಯಲ್ಲಿ ಹೆಸರಿಸಿದ ಭಾಗಗಳಿಗೆ ಮಾತ್ರ ರಕ್ಷಣೆಯೇ, ಅಥವಾ ಹೊರಗಿಟ್ಟವುಗಳನ್ನು ಬಿಟ್ಟು ಉಳಿದ ಎಲ್ಲಕ್ಕೂ ರಕ್ಷಣೆಯೇ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮ ಇದೆ. ‘ಈ ತೊಂದರೆ ಕೊಂಡ ದಿನದಿಂದಲೇ ಇತ್ತು’ ಎಂಬ ಒಂದೇ ವಾಕ್ಯ ಎರಡು ಕಡೆ ಎರಡು ಪರಿಣಾಮ ಮಾಡುತ್ತದೆ. ಹೊರಗಿನ ವಾರಂಟಿ ಕಂಪನಿಯ ಷರತ್ತುಗಳಲ್ಲಿ, ವಾರಂಟಿ ಆರಂಭವಾಗುವ ಮೊದಲೇ ಇದ್ದ ದೋಷಗಳಿಗೆ ಪರಿಹಾರವಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಕಂಪನಿಗೆ ನೀವು ಹೀಗೆ ಬರೆದರೆ ನಿಮ್ಮ ಕ್ಲೇಮ್ ಅನ್ನು ನೀವೇ ಮುಚ್ಚಿದಂತೆ. ಅದೇ ಮಾರಿದ ಡೀಲರ್‌ನ ಮುಂದೆ, ಮಾರುವಾಗಲೇ ದೋಷ ಇತ್ತೆಂಬುದು ನಿಮ್ಮ ಅತ್ಯಂತ ಬಲವಾದ ವಾದ, ಏಕೆಂದರೆ ದೋಷವಿರುವ ವಸ್ತುವನ್ನು ಅದನ್ನು ಹೇಳದೆ ಮಾರಿದ ಹೊಣೆ ಮಾರಿದವರದು. ಹಾಗೆಂದು ಇಬ್ಬರಿಗೂ ಬೇರೆ ಬೇರೆ ಕಥೆ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಎರಡೂ ಪತ್ರಗಳು ಒಂದು ದಿನ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ. ಇಬ್ಬರಿಗೂ ಕಂಡದ್ದನ್ನಷ್ಟೇ ಬರೆಯಿರಿ: ಯಾವ ತಾರೀಖು, ಎಷ್ಟು ಕಿಲೋಮೀಟರಿಗೆ, ಏನು ಮೊದಲು ಗಮನಕ್ಕೆ ಬಂತು. ಯಾವಾಗಿನಿಂದ ಇದ್ದಿರಬಹುದು, ಕಾರಣ ಏನಿರಬಹುದು ಎಂಬ ಊಹೆ ನಿಮ್ಮ ಪತ್ರದಲ್ಲಿ ಬೇಡ. ಕಾರಣ ಹೇಳುವುದು ತಪಾಸಣೆ ಮಾಡುವವರ ಕೆಲಸ.

ನಾಲ್ಕು ದೂರುಗಳಲ್ಲಿ ಕೂಲೆಂಟಿನದು ಎಲ್ಲಕ್ಕಿಂತ ತುರ್ತು, ಉಳಿದವು ಒಂದು ವಾರ ಕಾದರೂ ನಡೆಯುತ್ತದೆ. ಕೂಲೆಂಟ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಮೂರು ವಾರದಲ್ಲಿ ಎರಡು ಸಲ ತುಂಬಿಸಬೇಕಾಯಿತೆಂದರೆ ಅದು ಎಲ್ಲಿಗೋ ಹೋಗುತ್ತಿದೆ. ‘ಹಳೆಯ ಗಾಡಿಯಲ್ಲಿ ಇದ್ದದ್ದೇ’ ಎಂಬ ಮಾತು ಇದಕ್ಕೆ ಹೊಂದುವುದಿಲ್ಲ. ಹೊರಗೆ ಸೋರುತ್ತಿದ್ದರೆ ವಾಟರ್ ಪಂಪ್, ರೇಡಿಯೇಟರಿನ ಅಂಚು, ಹೋಸ್‌ಗಳ ಕ್ಲಿಪ್ ಇವುಗಳ ಬಳಿ ಒಣಗಿದ ಬಣ್ಣದ ಕಲೆ ಕಾಣಿಸುತ್ತದೆ. ಹೊರಗೆ ಎಲ್ಲೂ ಗುರುತಿಲ್ಲದಿದ್ದರೆ ಒಳಗೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ಸೀಲು) ಮೂಲಕ ಸಿಲಿಂಡರಿಗೆ ಹೋಗುತ್ತಿರಬಹುದೆಂಬ ಅನುಮಾನ ಹುಟ್ಟುತ್ತದೆ. ಎರಡನ್ನೂ ಎಂಜಿನ್ ಬಿಚ್ಚದೆ ಪರೀಕ್ಷಿಸಬಹುದು. ಮೊದಲನೆಯದಕ್ಕೆ, ತಣ್ಣಗಿರುವ ಎಂಜಿನ್ನಿನ ಕೂಲೆಂಟ್ ಮುಚ್ಚಳದ ಜಾಗಕ್ಕೆ ಕೈಪಂಪು ಜೋಡಿಸಿ ಒತ್ತಡ ಏರಿಸಿ, ಮಾಪಕದ ಮುಳ್ಳು ನಿಲ್ಲುತ್ತದೆಯೋ ಇಳಿಯುತ್ತದೆಯೋ ನೋಡುತ್ತಾರೆ. ಎರಡನೆಯದಕ್ಕೆ, ಕೂಲೆಂಟ್ ಟ್ಯಾಂಕಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವವೊಂದರ ಮೂಲಕ ಎಳೆಯುತ್ತಾರೆ. ಪೆಟ್ರೋಲ್ ಉರಿದ ಅನಿಲ ಕೂಲೆಂಟಿನಲ್ಲಿ ಬೆರೆತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡಿನಿಂದ ಆ ದ್ರವ ಹಳದಿಗೆ ತಿರುಗುತ್ತದೆ. ಈ ಎರಡು ಪರೀಕ್ಷೆಗಳನ್ನು ಹೆಸರಿಸಿಯೇ ಕೇಳಿ. ‘ನೋಡಿ ಹೇಳಿ’ ಎಂದರೆ ಬಾನೆಟ್ ಎತ್ತಿ ಇಳಿಸುತ್ತಾರೆ, ‘ಪ್ರೆಷರ್ ಟೆಸ್ಟ್ ಮಾಡಿ ಫಲಿತಾಂಶ ಬರೆದುಕೊಡಿ’ ಎಂದರೆ ಮಾಡಲೇಬೇಕಾಗುತ್ತದೆ.

ಅಲ್ಲಿಯವರೆಗೆ ಪ್ರತಿದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕಾರು ಸಮತಟ್ಟಾದ ಒಂದೇ ಜಾಗದಲ್ಲಿ ನಿಂತಿರುವಾಗ ಟ್ಯಾಂಕಿನ ಮಟ್ಟಕ್ಕೆ ಸರಿಯಾಗಿ ಸಣ್ಣ ಟೇಪಿನ ಗುರುತು ಅಂಟಿಸಿ, ಆ ಗುರುತಿನದೊಂದು ಮತ್ತು ಓಡೊಮೀಟರಿನದೊಂದು ಫೋಟೊ ತೆಗೆದಿಡಿ. ವಾದ ಮಾಡುವ ಅಗತ್ಯವೇ ಇಲ್ಲದಂತೆ ಆ ಟೇಪು ಮಾತನಾಡುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ಎಂದಿಗೂ ತೆರೆಯಬಾರದು. ತುಂಬಿಸುವುದಾದರೆ ಕಾರಿನ ಪುಸ್ತಕದಲ್ಲಿ ಹೇಳಿದ ಬಗೆಯ ಕೂಲೆಂಟನ್ನೇ ತುಂಬಿಸಿ, ಬಿಲ್ ಇಟ್ಟುಕೊಳ್ಳಿ. ಸೋರಿಕೆ ನಿಲ್ಲಿಸುವ ದ್ರವವೆಂದು ಅಂಗಡಿಗಳಲ್ಲಿ ಸಿಗುವುದನ್ನು ಸುರಿಯಬೇಡಿ. ಅದು ಹೀಟರಿನ ಸಣ್ಣ ನಾಳಗಳನ್ನು ಕಟ್ಟಿಸುತ್ತದೆ, ಜೊತೆಗೆ ‘ಮಾಲೀಕರು ಏನೋ ಬೆರೆಸಿದ್ದಾರೆ’ ಎಂದು ತಿರಸ್ಕರಿಸಲು ಅವಕಾಶ ಮಾಡಿಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಷ್ಣತೆಯ ಮುಳ್ಳು ಮಾಮೂಲಿಗಿಂತ ಮೇಲೇರಿದರೆ ಅಲ್ಲೇ ಕಾರು ನಿಲ್ಲಿಸಿ ಎಂಜಿನ್ ಆರಿಸಿ, ಎಳೆಸಿಕೊಂಡು ಹೋಗಿ. ಎಚ್ಚರಿಕೆ ಬಂದ ಮೇಲೂ ಓಡಿಸಿದ್ದರಿಂದ ಆದ ಹಾನಿಗೆ ಯಾವ ವಾರಂಟಿಯೂ ಹಣ ಕೊಡುವುದು ಅಪರೂಪ. ಸಣ್ಣ ಸೋರಿಕೆಯ ಕ್ಲೇಮ್ ಆಗಿದ್ದದ್ದು ಬಾಗಿದ ಸಿಲಿಂಡರ್ ಹೆಡ್ಡಿನ ಖರ್ಚಾಗಿ ನಿಮ್ಮ ತಲೆಗೆ ಬರುತ್ತದೆ.

ಬೆಳಗಿನ ಕಟಕಟ ಸದ್ದಿಗೆ ಬರೋಣ. ತಣ್ಣನೆಯ ಎಂಜಿನ್ನಿನಲ್ಲಿ ಎರಡು ಮೂರು ಸೆಕೆಂಡು ಮಾತ್ರ ಕೇಳಿ ನಿಲ್ಲುವ ಸದ್ದು, ಎಣ್ಣೆಯ ಒತ್ತಡ ಏರುವವರೆಗೆ ಸಡಿಲವಾಗಿರುವ ಯಾವುದೋ ಭಾಗದ್ದಿರುತ್ತದೆ: ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್, ಕ್ಯಾಮ್‌ಶಾಫ್ಟಿನ ಸಮಯ ಬದಲಿಸುವ ಗಾಲಿ, ಅಥವಾ ವಾಲ್ವ್ ಲಿಫ್ಟರ್‌ಗಳು. ಎಣ್ಣೆಯ ಮಟ್ಟ ಕಡಿಮೆಯಿದ್ದರೂ, ತಪ್ಪು ಗ್ರೇಡಿನ ಎಣ್ಣೆ ಹಾಕಿದ್ದರೂ ಹೀಗಾಗುತ್ತದೆ, ಆದ್ದರಿಂದ ಡಿಪ್‌ಸ್ಟಿಕ್ ಮೊದಲು ನೋಡಿ. ಆದರೆ ವರ್ಕ್‌ಶಾಪ್‌ನವರಿಗೆ ಇದು ಕೇಳಿಸಲಿಲ್ಲ ಎಂಬುದರಲ್ಲಿ ನನಗೆ ಆಶ್ಚರ್ಯವಿಲ್ಲ. ನೀವು ಅಲ್ಲಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ಹೀಗಾಗಿ ಸಂಜೆಯೇ ಕಾರನ್ನು ಅಲ್ಲಿ ಬಿಟ್ಟು, ‘ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಮೊದಲ ಸ್ಟಾರ್ಟನ್ನು ತಂತ್ರಜ್ಞರೇ ಪಕ್ಕದಲ್ಲಿ ನಿಂತು ಕೇಳಬೇಕು’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಸಾಧ್ಯವಿದ್ದರೆ ಆ ಹೊತ್ತಿಗೆ ನೀವೂ ಹೋಗಿ. ಇದಕ್ಕೆ ಮುನ್ನ ಮನೆಯಲ್ಲಿ ಒಂದು ವಿಡಿಯೊ ಮಾಡಿಡಿ: ಕೀ ತಿರುಗಿಸುವ ಮೊದಲೇ ರೆಕಾರ್ಡಿಂಗ್ ಶುರುವಾಗಿರಲಿ, ಡ್ಯಾಶ್‌ಬೋರ್ಡಿನ ಉಷ್ಣತೆ ಮತ್ತು ಕಿಲೋಮೀಟರ್ ಕಾಣಲಿ, ಬಾನೆಟ್ ಮೊದಲೇ ತೆರೆದಿರಲಿ, ಇನ್ನೊಬ್ಬರು ಸ್ಟಾರ್ಟ್ ಮಾಡುವಾಗ ಫೋನನ್ನು ಎಂಜಿನ್ನಿನ ಕಡೆಗೆ ತಿರುಗಿಸಿ, ನಡುವೆ ಕತ್ತರಿಸದೆ ಅರ್ಧ ನಿಮಿಷ ಹಿಡಿಯಿರಿ. ಕತ್ತರಿಸಿದ ವಿಡಿಯೊಗೆ ಬೆಲೆ ಕಡಿಮೆ.

ಈ ದೂರಿನಲ್ಲೇ ಅವರು ನಿಮ್ಮ ಸರ್ವಿಸ್ ದಾಖಲೆ ಕೇಳುತ್ತಾರೆ ಎಂಬುದು ಬಹುತೇಕ ಖಚಿತ, ಏಕೆಂದರೆ ಎಣ್ಣೆ ಸಮಯಕ್ಕೆ ಬದಲಾಗದ ಎಂಜಿನ್ನಿನಲ್ಲಿ ಚೈನು ಬೇಗ ಸವೆಯುತ್ತದೆ. ಹಿಂದಿನ ಮಾಲೀಕರ ಕಾಲದ ದಾಖಲೆಗಳನ್ನು ಡೀಲರ್‌ನಿಂದ ಈಗಲೇ ಪಡೆದುಕೊಳ್ಳಿ. ಷಾಸಿ ಸಂಖ್ಯೆ ಕೊಟ್ಟರೆ ತಯಾರಕರ ಅಧಿಕೃತ ಸರ್ವಿಸ್ ಕೇಂದ್ರದಲ್ಲೂ ಹಳೆಯ ಸರ್ವಿಸ್ ವಿವರ ಸಿಗುವುದುಂಟು. ವಾರಂಟಿಯ ಅವಧಿಯಲ್ಲಿ ಸರ್ವಿಸ್ ಬಂದರೆ ಒಂದು ದಿನವೂ ಮುಂದೂಡದೆ ಮಾಡಿಸಿ, ಎಣ್ಣೆಯ ಗ್ರೇಡ್ ಮತ್ತು ಪ್ರಮಾಣ ಬಿಲ್ಲಿನಲ್ಲಿ ನಮೂದಾಗಿದೆಯೇ ನೋಡಿ.

ಚೆಕ್ ಎಂಜಿನ್ ದೀಪ ಆರಿದೆ ಎಂದು ನೀವು ನಿರಾಳರಾಗಿರಬಹುದು, ನಾನು ಮಾತ್ರ ಅದನ್ನು ನಿಮ್ಮ ಬಳಿ ಇರುವ ಅತ್ಯುತ್ತಮ ಸಾಕ್ಷ್ಯವೆಂದು ಎಣಿಸುತ್ತೇನೆ. ಈಗಿನ ಒಬಿಡಿ ವ್ಯವಸ್ಥೆಯಲ್ಲಿ (ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ) ದೋಷ ಸತತ ಮೂರು ಓಡಾಟಗಳಲ್ಲಿ ಮರುಕಳಿಸದಿದ್ದರೆ ದೀಪ ತಾನಾಗಿ ಆರುತ್ತದೆ. ಆದರೆ ಆ ದೋಷವನ್ನು ಸೂಚಿಸುವ ಕೋಡ್ ಕಾರಿನ ಕಂಪ್ಯೂಟರಿನ ನೆನಪಿನಲ್ಲಿ ಉಳಿದು, ಸಾಮಾನ್ಯವಾಗಿ ಎಂಜಿನ್ 40 ಸಲ ತಣ್ಣಗಾಗಿ ಬಿಸಿಯಾಗುವವರೆಗೆ ಇರುತ್ತದೆ. ಅದರ ಜೊತೆಗೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಇರುತ್ತದೆ: ದೋಷ ಪತ್ತೆಯಾದ ಕ್ಷಣದಲ್ಲಿ ಎಂಜಿನ್ನಿನ ವೇಗ, ಕೂಲೆಂಟಿನ ಉಷ್ಣತೆ, ಕಾರಿನ ವೇಗ ಎಷ್ಟಿತ್ತೆಂದು. ಹಾಗಾಗಿ ದಿನಗಳು ಕಳೆದುಹೋಗುವ ಮೊದಲು ಸ್ಕ್ಯಾನರ್ ಹಾಕಿಸಿ ಕೋಡ್ ಮತ್ತು ಫ್ರೀಜ್ ಫ್ರೇಮ್ ಎರಡನ್ನೂ ಮುದ್ರಿಸಿಕೊಳ್ಳಿ. ಪಿ0300 ಎಂದಿದ್ದರೆ ಸಿಲಿಂಡರುಗಳಲ್ಲಿ ಪೆಟ್ರೋಲ್ ಆಗಾಗ ಸರಿಯಾಗಿ ಉರಿಯದೆ ಹೋಗುತ್ತಿದೆ ಎಂದರ್ಥ. ಕೂಲೆಂಟ್ ಇಳಿಯುವ ಎಂಜಿನ್ನಿನಲ್ಲಿ ಈ ಕೋಡ್ ಬಂದಿದ್ದರೆ ಎರಡು ದೂರುಗಳು ಒಂದೇ ಆಗಿರಬಹುದು. ಪಿ0420 ಎಂದಿದ್ದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು. ಕೋಡ್ ಯಾವುದೇ ಇರಲಿ, ಅದು ಯಾವ ಭಾಗ ಕೆಟ್ಟಿದೆ ಎಂಬ ತೀರ್ಪಲ್ಲ, ಎಲ್ಲಿಂದ ಹುಡುಕಬೇಕೆಂಬ ಸುಳಿವು ಮಾತ್ರ.

ಸ್ಕ್ಯಾನರ್ ಹಾಕಿದವರು ‘ಕ್ಲಿಯರ್ ಮಾಡಿಬಿಡಲೇ?’ ಎಂದು ಕೇಳಿದರೆ ಬೇಡವೆನ್ನಿ. ಕ್ಲಿಯರ್ ಮಾಡಿದರೆ ಫ್ರೀಜ್ ಫ್ರೇಮೂ ಅಳಿಸಿಹೋಗುತ್ತದೆ. ಬ್ಯಾಟರಿ ತಂತಿ ಕಳಚಿದರೂ ಬಹಳಷ್ಟು ಕಾರುಗಳಲ್ಲಿ ಅದೇ ಗತಿ. ಇನ್ನೊಂದು ವಿಷಯವನ್ನೂ ಅದೇ ಸ್ಕ್ಯಾನರಿನಲ್ಲಿ ನೋಡಿಸಿ: ಕೋಡ್‌ಗಳನ್ನು ಕೊನೆಯ ಸಲ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಅಂಕಿ ಹೆಚ್ಚಿನ ಕಾರುಗಳಲ್ಲಿ ಸಿಗುತ್ತದೆ. ಆ ಅಂಕಿ, ನೀವು ಕೊಂಡ ಮೇಲೆ ಓಡಿಸಿದ ದೂರಕ್ಕೆ ಹೆಚ್ಚುಕಡಿಮೆ ಸಮನಾಗಿದ್ದರೆ, ಮಾರುವ ಮುನ್ನಾದಿನಗಳಲ್ಲಿ ಯಾರೋ ನೆನಪನ್ನು ಒರೆಸಿದ್ದಾರೆಂದು ಅರ್ಥ. ಡೀಲರ್‌ನ ಮುಂದಿಡಲು ಇದಕ್ಕಿಂತ ಒಳ್ಳೆಯ ಕಾಗದ ಸಿಗಲಾರದು, ಆದರೂ ಆರೋಪದ ಧಾಟಿ ಬೇಡ; ಸರ್ವಿಸ್ ಮಾಡುವಾಗ ಬ್ಯಾಟರಿ ಬದಲಿಸಿದ್ದರೂ ಹಾಗಾಗುತ್ತದೆ. ದೀಪ ಮತ್ತೆ ಬಂದು ಮಿನುಗತೊಡಗಿದರೆ ಮಾತ್ರ ಕಾಯಬೇಡಿ, ಕಾರು ನಿಲ್ಲಿಸಿ: ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿರುತ್ತದೆ.

ಬ್ರೇಕಿನ ಕಿರುಗುಟ್ಟುವಿಕೆ ನಿಮ್ಮ ಖರ್ಚಿನದೇ ಎಂದುಕೊಳ್ಳಿ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್, ಟೈರು, ಬಲ್ಬು ಇವು ಸವೆಯಲೆಂದೇ ಇರುವ ಭಾಗಗಳು, ಹೆಚ್ಚುಕಡಿಮೆ ಎಲ್ಲ ವಾರಂಟಿಗಳೂ ಇವನ್ನು ಹೊರಗಿಡುತ್ತವೆ. ಪ್ಯಾಡ್ ಪೂರ್ತಿ ಸವೆದು ಲೋಹ ಲೋಹಕ್ಕೆ ಉಜ್ಜುವ ಸ್ಥಿತಿಯಲ್ಲಿ ಮಾರಿದ್ದರೆ ಅದು ಸುರಕ್ಷತೆಯ ಪ್ರಶ್ನೆಯಾದ್ದರಿಂದ ಡೀಲರ್‌ಗೆ ಬರೆಯಬಹುದು. ಬರೀ ಸದ್ದಾದರೆ ಬೇರೆ ಪತ್ರವನ್ನೇ ಮಾಡಬೇಡಿ. ದೊಡ್ಡ ದೂರುಗಳ ಜೊತೆ ಸಣ್ಣ ಸಣ್ಣ ಹತ್ತು ಕುಂದು ಸೇರಿಸಿದ ಪಟ್ಟಿಯನ್ನು ಓದುವವರು ಸಣ್ಣವನ್ನು ಸರಿಪಡಿಸಿ ‘ಎಲ್ಲ ಮುಗಿಯಿತು’ ಎಂದು ಮುಚ್ಚುವುದನ್ನು ನೋಡಿದ್ದೇನೆ.

ಇನ್ನು ಜಾಬ್ ಕಾರ್ಡ್. ಸರ್ವಿಸ್ ಅಡ್ವೈಸರ್ ನಿಮ್ಮ ಮಾತನ್ನು ಕೇಳಿ ಕಂಪ್ಯೂಟರಿನಲ್ಲಿ ‘ಜನರಲ್ ಚೆಕಪ್’ ಎಂದು ಒತ್ತಿದರೆ ಸಹಿ ಹಾಕಬೇಡಿ. ಒಂದೊಂದು ದೂರಿಗೂ ಒಂದೊಂದು ಸಾಲು ಇರಬೇಕು, ಮಾತು ನಿಮ್ಮದೇ ಆಗಿರಬೇಕು. ‘ಎಂಜಿನ್ ಸದ್ದು’ ಎಂದು ಬರೆದರೆ ಏನೂ ಬರೆಯದ ಹಾಗೆ. ‘ರಾತ್ರಿಯಿಡೀ ನಿಂತ ಮೇಲೆ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ನಿನ ಬೆಲ್ಟ್ ಇರುವ ಬದಿಯಿಂದ 2-3 ಸೆಕೆಂಡ್ ಕಟಕಟ ಸದ್ದು, ಬಿಸಿಯಾದ ಮೇಲೆ ಇಲ್ಲ’ ಎಂದು ಬರೆದರೆ ತಂತ್ರಜ್ಞರಿಗೂ ಅನುಕೂಲ. ತಾರೀಖು, ಗಂಟೆ, ಓಡೊಮೀಟರ್ ಅಂಕಿ ಇರುವ ಪ್ರತಿಯನ್ನು ಕಾರು ಬಿಡುವಾಗಲೇ ಪಡೆಯಿರಿ. ದೋಷ ಸಿಗದೆ ಹಿಂದಿರುಗಿಸಿದರೂ ‘ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂದು ಬರೆದ ಕಾಗದ ಬೇಕೇ ಬೇಕು. ಅದು ನಿಮಗೆ ವಿರುದ್ಧವಾದ ಕಾಗದದಂತೆ ಕಂಡರೂ, ವಾರಂಟಿಯ ಅವಧಿಯಲ್ಲಿ ಇಂಥ ದಿನ ಇಂಥ ದೂರು ಕೊಟ್ಟಿದ್ದಿರಿ ಎಂಬುದಕ್ಕೆ ಅದೇ ಆಧಾರ. ಎರಡು ತಿಂಗಳ ನಂತರ ಅದೇ ಭಾಗ ಮುರಿದರೆ ‘ಆಗ ಹೇಳಲಿಲ್ಲವೇಕೆ’ ಎನ್ನಲು ಅವರಿಗೆ ಬಾಯಿರುವುದಿಲ್ಲ.

ದುರಸ್ತಿಗೆ ಒಪ್ಪುವ ಮೊದಲು ವಾರಂಟಿ ಕಂಪನಿಯ ಅನುಮೋದನೆ ಬಂದಿದೆಯೇ ಎಂದು ಕೇಳಿ, ಅನುಮೋದನೆಯ ಸಂಖ್ಯೆ ಬರೆದುಕೊಳ್ಳಿ. ಬಿಚ್ಚಿ ನೋಡಿದ ಮೇಲೆ ದೋಷ ವಾರಂಟಿಗೆ ಒಳಪಡದ ಭಾಗದ್ದೆಂದು ಕಂಡರೆ ಬಿಚ್ಚಿದ ಕೂಲಿ ಯಾರದು ಎಂಬುದನ್ನು ಬಿಚ್ಚುವ ಮೊದಲೇ ಬರಹದಲ್ಲಿ ತೀರ್ಮಾನಿಸಿಕೊಳ್ಳಬೇಕು. ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಂದಲೇ. ಬಿಡಿಭಾಗಕ್ಕೆ ಹಣ ಕೊಟ್ಟು ಗ್ಯಾಸ್ಕೆಟ್, ಎಣ್ಣೆ, ಕೂಲೆಂಟಿಗೆ ಕೊಡದ ವಾರಂಟಿಗಳೂ ಇವೆ.

ಡೀಲರ್ ಕೈಚೆಲ್ಲಿದರೆ, ವಾರಂಟಿ ಪತ್ರದಾಚೆಗೆ ಕಾನೂನು ಕೊಡುವ ಹಕ್ಕು ಬೇರೆಯೇ ಇದೆ, ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ದೋಷವಿರುವ ವಸ್ತುವನ್ನು 30 ದಿನದೊಳಗೆ ಹಿಂದಿರುಗಿಸಬಹುದು, ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನದಂತೆ ಬಳಸಿದ ವಸ್ತುಗಳಿಗೂ ಮಾರಾಟಗಾರರ ಹೊಣೆ ಒಂದು ವರ್ಷಕ್ಕಿಂತ ಕಡಿಮೆಯಾಗುವಂತಿಲ್ಲ. ಅಮೆರಿಕದಲ್ಲಿ ವಾರಂಟಿ ಇದೆಯೇ ಇಲ್ಲವೇ ಎಂಬುದನ್ನು ಡೀಲರ್ ಕಾರಿನ ಮೇಲೆಯೇ ಪ್ರದರ್ಶಿಸಬೇಕೆಂದು ಫೆಡರಲ್ ನಿಯಮವಿದೆ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಸಲ್ಲಿಸಲು ಕಾರಣ ಹುಟ್ಟಿದಂದಿನಿಂದ ಎರಡು ವರ್ಷದ ಅವಕಾಶವಿದೆ. ಎಲ್ಲ ಕಡೆಯೂ ವ್ಯಾಪಾರಿಯಿಂದ ಕೊಂಡವರಿಗೆ ಸಿಗುವ ರಕ್ಷಣೆ ಖಾಸಗಿ ವ್ಯಕ್ತಿಯಿಂದ ಕೊಂಡವರಿಗಿಂತ ಹೆಚ್ಚು, ಆ ಮಟ್ಟಿಗೆ ನೀವು ಒಳ್ಳೆಯ ಜಾಗದಲ್ಲಿದ್ದೀರಿ. ನೋಟಿಸು ಕಳಿಸುವ ಮುನ್ನ, ಡೀಲರ್‌ಗೂ ನಿಮಗೂ ಸಂಬಂಧವಿಲ್ಲದ ತಂತ್ರಜ್ಞರೊಬ್ಬರ ತಪಾಸಣಾ ವರದಿ ಮಾಡಿಸಿ, ಸರಿಪಡಿಸಲು ನಿರ್ದಿಷ್ಟ ಗಡುವು ಕೊಟ್ಟು ಒಂದು ಪತ್ರ ಬರೆಯಿರಿ. ನ್ಯಾಯವಾದ ಒಂದು ಅವಕಾಶ ಕೊಡದೆ ಹೊರಗೆ ರಿಪೇರಿ ಮಾಡಿಸಿ ಬಿಲ್ ಕಳಿಸಿದವರ ವಾದ ದುರ್ಬಲವಾಗುತ್ತದೆ.

ನೀವು ಕೇಳದಿದ್ದರೂ ಒಂದು ಮಾತು. ತಯಾರಕರ ಜಾಲತಾಣದಲ್ಲಿ ಷಾಸಿ ಸಂಖ್ಯೆ ಹಾಕಿ, ಬಾಕಿ ಇರುವ ಸುರಕ್ಷತಾ ರಿಕಾಲ್ (ದೋಷ ಸರಿಪಡಿಸಲು ತಯಾರಕರೇ ಕಾರನ್ನು ಹಿಂದಕ್ಕೆ ಕರೆಯುವುದು) ಇದೆಯೇ ನೋಡಿ. ರಿಕಾಲ್ ವಾರಂಟಿಯಲ್ಲ, ಮಾಲೀಕರು ಎಷ್ಟನೆಯವರೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ, ಸಾಮಾನ್ಯವಾಗಿ ಉಚಿತವಾಗಿಯೇ ಮಾಡಿಕೊಡುತ್ತಾರೆ. ಟಕಾಟಾ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರುಗಳು ಬಿಸಿ ಮತ್ತು ತೇವದಲ್ಲಿ ವರ್ಷಗಟ್ಟಲೆ ಇದ್ದ ಮೇಲೆ ಸಿಡಿಯುತ್ತವೆಂದು ತಿಳಿದು ಹಲವು ತಯಾರಕರು ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆದರೂ, ಕೈ ಬದಲಾಯಿಸಿದ ಕಾರುಗಳಿಗೆ ಆ ಸೂಚನೆಯ ಪತ್ರ ತಲುಪದೇ ಹೋದದ್ದುಂಟು.

ಕೆಲಸ ಮುಗಿದು ಕಾರು ಪಡೆಯುವಾಗ ಬದಲಿಸಿದ ಭಾಗದ ಹೆಸರು, ಸಂಖ್ಯೆ, ಅದು ಹೊಸದೋ ಮರುಸಿದ್ಧಪಡಿಸಿದ್ದೋ, ಅದಕ್ಕೆ ಪ್ರತ್ಯೇಕ ವಾರಂಟಿ ಇದೆಯೋ ಎಂಬುದು ಬಿಲ್ಲಿನಲ್ಲಿರಲಿ, ಮೊತ್ತ ಸೊನ್ನೆಯಾದರೂ ಸರಿ. ಟೆನ್ಷನರ್ ಬದಲಿಸಿದ್ದರೆ ಮರುದಿನ ಬೆಳಗಿನ ಸ್ಟಾರ್ಟ್ ಕೇಳುವವರೆಗೆ ತೃಪ್ತಿಪತ್ರಕ್ಕೆ ಸಹಿ ಹಾಕಬೇಡಿ. ಹಾಕಲೇಬೇಕೆಂದರೆ ‘ತಣ್ಣನೆಯ ಸ್ಟಾರ್ಟ್ ಪರೀಕ್ಷೆಗೆ ಒಳಪಟ್ಟು’ ಎಂದು ಕೈಯಿಂದ ಸೇರಿಸಿ. ಅದೇ ದೂರು ಮರಳಿದರೆ ಹೊಸ ಜಾಬ್ ಕಾರ್ಡಿನಲ್ಲಿ ಹಿಂದಿನ ಜಾಬ್ ಕಾರ್ಡಿನ ಸಂಖ್ಯೆ ನಮೂದಿಸಿ, ಇಲ್ಲದಿದ್ದರೆ ಅದು ಹೊಸ ದೋಷವಾಗಿ ಎಣಿಕೆಗೆ ಬರುತ್ತದೆ. ವಾರಂಟಿಯ ಕೊನೆಯ ತಿಂಗಳು ಬಂದಾಗ ಒಮ್ಮೆ ಲಿಫ್ಟಿನ ಮೇಲೆ ಏರಿಸಿ ಪೂರ್ತಿ ನೋಡಿಸಿ. ಕಡೆಯ ದಿನಕ್ಕೆ ಮುನ್ನ ದಾಖಲಾದ ದೂರಿನ ಕೆಲಸ ಅವಧಿ ಮುಗಿದ ಮೇಲೆ ನಡೆದರೂ ಅದು ವಾರಂಟಿಯಲ್ಲೇ ಆಗುತ್ತದೆಂದು ಅವರಿಂದ ಬರೆಸಿಕೊಂಡಿರಿ.